ಡಬ್ಬದ ಮೇಲಿನ ಅಂಕಿ

ಗೌರಿ ಹಬ್ಬಕ್ಕೆಂದು ಅಟ್ಟದಿಂದ ಮಂಟಪ ಇಳಿಸುವಾಗ ಅದರ ಹಿಂದೆ ಅವಿತಿದ್ದ ರಟ್ಟಿನ ಡಬ್ಬ ಕಣ್ಣಿಗೆ ಬಿತ್ತು. ಮೈಮೇಲೆ ನನ್ನ ಹೆಂಡತಿಯ ಅಕ್ಷರ: ‘14. ಗಾಜು. ಮೇಲೆ ಏನೂ ಹೇರಬೇಡಿ.’ ನಾಗಮಂಗಲದ ಬಾಡಿಗೆ ಮನೆ ಖಾಲಿ ಮಾಡಿ ಶ್ರೀರಂಗಪಟ್ಟಣಕ್ಕೆ ಬಂದಾಗಿನದು. ಆಳುಕಾಳು ಕರೆಯದೆ ನಾವೇ ಕಟ್ಟಿ, ನಾವೇ ಹೊತ್ತು, ಒಂದು ಟಾಟಾ ಏಸ್‌ಗೆ ತುಂಬಿದ್ದೆವು.

ಕಟ್ಟುವ ವಿದ್ಯೆ ಅವಳು ತವರಿಂದ ತಂದದ್ದು. ತಟ್ಟೆಗಳನ್ನು ಮಲಗಿಸಕೂಡದು, ಭತ್ತದ ಹುಲ್ಲಿನ ನಡುವೆ ನಿಲ್ಲಿಸಬೇಕು. ಪುಸ್ತಕಕ್ಕೆ ಚಿಕ್ಕ ಡಬ್ಬ, ಬಟ್ಟೆಗೆ ದೊಡ್ಡದು. ಲೋಟದ ಒಳಗೂ ಹಳೇ ಪಂಚೆಯ ಚೂರು. ಒರಳು, ರಾಗಿ ಮೂಟೆ ಡ್ರೈವರನ ಬೆನ್ನ ಹಿಂದಕ್ಕೆ. ಫ್ರಿಜ್ಜು ನಿಂತೇ ಬರಬೇಕು. ದೇವರ ಪಟ ತೊಡೆಯ ಮೇಲೆ. ಆಷಾಢ ಕಳೆಯುವ ತನಕ ಒಂದು ಸೌಟೂ ಹೊಸಿಲು ದಾಟಲಿಲ್ಲ.

ಪಾಂಡವಪುರ ಹತ್ತಿರವಾದಾಗ ನನಗೆ ಮಾತು ಬಂತು. ಬಲಕ್ಕೆ ಕೈ ತೋರಿಸಿ, ‘ಆ ಕಡೆ ಹೊಸ ಕನ್ನಂಬಾಡಿ. ಅಲ್ಲಿ ಇಡೀ ದೇವಸ್ಥಾನಾನೇ ಹಿಂಗೆ ಗುರುತು ಹಾಕಿ ಸಾಗಿಸವ್ರೆ’ ಅಂದೆ.

‘ಬಾಡ್ಗೆ ಎಷ್ಟಾಯ್ತಂತೆ ಸಾ?’ ಅಂದ ಡ್ರೈವರ್.

ನನಗೇನು ಗೊತ್ತು! ಕನ್ನಂಬಾಡಿ ಕಟ್ಟೆ ಕೆಲಸ ಶುರುವಾದದ್ದು 1911ರಲ್ಲಿ. ನೀರು ಏರಿದಾಗ ಊರು ಎದ್ದು ಹೊರಟಿತು, ಹೊಯ್ಸಳರ ಕಾಲದ ವೇಣುಗೋಪಾಲಸ್ವಾಮಿ ಗುಡಿ ಹಿಂದೆ ಉಳಿಯಿತು. ಮಳೆ ಕೈಕೊಟ್ಟ ವರ್ಷ ಮಾತ್ರ ತಲೆ ಎತ್ತಿ ನೋಡುತ್ತಿತ್ತು. ಕೊನೆಗೆ ಉದ್ಯಮಿ ಶ್ರೀಹರಿ ಖೋಡೆ ಕೈಹಾಕಿದರು. ಒಂದೊಂದು ಕಲ್ಲಿನ ಫೋಟೊ ಹಿಡಿದು, ಗುರುತು ಬರೆದು, ಬಿಚ್ಚಿ, ಹಿನ್ನೀರಿನ ದಡಕ್ಕೆ ತಂದು ಮತ್ತೆ ಜೋಡಿಸಿದರು. 2011ರ ಹೊತ್ತಿಗೆ ಗುಡಿ ನಿಂತಿತ್ತು. ಹೋದವರು ಶಿಲ್ಪ ನೋಡುತ್ತಾರೆ, ನಾನು ಕಲ್ಲುಕಲ್ಲಿಗೂ ಕಣ್ಣಿಟ್ಟು ಆ ಗುರುತು ಉಳಿದಿದೆಯೇ ಎಂದು ಹುಡುಕುತ್ತೇನೆ. ಗುಡಿ ಬಿಚ್ಚುವಾಗ ಕಟ್ಟಕಡೆಗೆ ಏಳುವುದು ಬುಡದ ಕಲ್ಲು, ಹೊಸ ಜಾಗದಲ್ಲಿ ಮೊದಲು ಕೂರುವುದೂ ಅದೇ. ನಮ್ಮ ಹಾಲುಕ್ಕಿಸುವ ಪಾತ್ರೆಯ ಹಾಗೆ. ಅದೂ ಎಲ್ಲದರ ಕೊನೆಗೆ ಗಾಡಿ ಹತ್ತಿ ಎಲ್ಲಕ್ಕಿಂತ ಮೊದಲು ಇಳಿಯಿತು.

ನಾವು ಬಂದು ಸೇರಿದ ಊರಿನ ಕಥೆ ಬೇರೆ. 1799ರಲ್ಲಿ ಇಲ್ಲಿನ ದೊಡ್ಡ ಮನೆ ಖಾಲಿಯಾದಾಗ ಕಟ್ಟಿದವರು ಮನೆಯವರಲ್ಲ. ಟಿಪ್ಪುವಿನ ಮರದ ಹುಲಿ ಲಂಡನ್ನಿಗೆ ಹೋಯಿತು, ಸಿಂಹಾಸನ ತುಂಡುತುಂಡಾಗಿ ಹಂಚಿಹೋಯಿತು. ಅರಮನೆಯ ತೊಲೆಗಳನ್ನೂ ಬಿಡಲಿಲ್ಲ. ಊಟಿಯಲ್ಲಿ 1829ರಲ್ಲಿ ಸೇಂಟ್ ಸ್ಟೀಫನ್ಸ್ ಚರ್ಚಿಗೆ ಅಡಿಗಲ್ಲು ಹಾಕಿದಾಗ ಮರ ಹೋದದ್ದು ಇಲ್ಲಿಂದ, ಘಟ್ಟ ಹತ್ತಿಸಿದ್ದು ಆನೆಗಳು. ಊಟಿಗೆ ಹೋದಾಗ ಜನ ಸರೋವರಕ್ಕೆ ಓಡಿದರೆ ನಾನು ಆ ಚರ್ಚಿನಲ್ಲಿ ಕತ್ತು ನೋಯುವಷ್ಟು ಮೇಲೆ ನೋಡುತ್ತ ನಿಂತಿದ್ದೆ. ‘ಹುಲ್ಲು ಸುತ್ತಿ ಕಟ್ಟಿದ್ರಾ, ಬರೀ ಹಗ್ಗವಾ?’ ಎಂದು ಹೆಂಡತಿ ಕೇಳಿದಳು. ಇತಿಹಾಸ ಬರೆದವರಿಗೆ ಇಂಥ ಪ್ರಶ್ನೆ ಹೊಳೆಯುವುದಿಲ್ಲ.

ಮೊನ್ನೆ ಕೆ.ಆರ್. ಪೇಟೆಗೆ ವರ್ಗವಾದ ಬಾಮೈದ ಫೋನ್ ಮಾಡಿ, ‘ಭಾವ, ಒಳ್ಳೆ ಗಾಡಿ ಇದ್ರೆ ಹೇಳಿ’ ಅಂದ. ಫೋನು ಅವನ ಅಕ್ಕನ ಕೈಗೆ ಹೋಯಿತು. ಗಾಡಿಯ ಸುದ್ದಿ ಬರಲೇ ಇಲ್ಲ.

‘ಸೀಮೆಸುಣ್ಣದಲ್ಲಿ ಬರೀಬೇಡ ಕಣೋ, ಮಳೆಗಾಲ. ಮಾರ್ಕರ್ ತಗೊ. ನಂಬರನ್ನ ಡಬ್ಬದ ಮೇಲ್ಗಡೆ ಹಾಕ್ಬೇಡ, ಪಕ್ಕಕ್ಕೆ ಹಾಕು. ಒಂದರ ಮೇಲೊಂದು ಇಟ್ಟಾಗ ಮೇಲಿಂದು ಕಾಣ್ತದಾ?’