ಅಪ್ಪ, ಡೈನಾ ಮತ್ತು ನಿದ್ರೆಯ ಮಾತ್ರೆ



ನಮ್ಮ ಸಂಘದ ಆರೋಗ್ಯ ಶಿಬಿರಗಳಲ್ಲಿ ರಕ್ತದೊತ್ತಡ ಅಳೆಯುವ ಮೇಜಿನ ಹಿಂದೆ ನಿಮ್ಮಲ್ಲಿ ಅನೇಕರು ನನ್ನನ್ನು ಕಂಡಿದ್ದೀರಿ. ಈ ಸಂಚಿಕೆಗೆ ಚಳಿಗಾಲದ ಆರೋಗ್ಯದ ಬಗ್ಗೆ ಏನಾದರೂ ಬರೆದುಕೊಡಬೇಕೆಂದು ಸಂಪಾದಕ ಮಿತ್ರರು ಕೇಳಿದಾಗ, ಸಕ್ಕರೆ ಕಾಯಿಲೆ, ವಿಟಮಿನ್ ಡಿ ಎಂದು ಏನೇನೋ ಬರೆಯಲು ಕುಳಿತೆ. ಬರವಣಿಗೆ ಮುಂದೆ ಸಾಗಲಿಲ್ಲ. ಬದಲಿಗೆ ಒಂದು ಹಳೆಯ ಧ್ವನಿಮುದ್ರಿಕೆ ನೆನಪಾಯಿತು; ಅದರ ಬೆನ್ನಿಗೇ ನಾನು ಮಾಡಿದ ಒಂದು ತಪ್ಪೂ ನೆನಪಾಯಿತು. ಎರಡನ್ನೂ ಒಟ್ಟಿಗೇ ಹೇಳಿಬಿಡುತ್ತೇನೆ.

ಅಮ್ಮ ತೀರಿಕೊಂಡ ವರ್ಷ ಅಪ್ಪ ತಿಪಟೂರಿನಿಂದ ಫಾರ್ಮಿಂಗ್ಟನ್ ಹಿಲ್ಸ್‌ನ ನಮ್ಮ ಮನೆಗೆ ಬಂದರು. ಪ್ರೌಢಶಾಲೆಯಲ್ಲಿ ಕನ್ನಡ ಕಲಿಸಿ ನಿವೃತ್ತರಾದವರು. ಅವರು ಬಂದಿಳಿದದ್ದು ನವೆಂಬರಿನಲ್ಲಿ. ಸಂಜೆ ಐದಕ್ಕೆಲ್ಲ ಕತ್ತಲು. ಹೊರಗೆ ಕಾಲಿಟ್ಟರೆ ಮಾತನಾಡಿಸುವವರಿಲ್ಲ. ನಾವಿಬ್ಬರೂ ಕೆಲಸಕ್ಕೆ, ಮಕ್ಕಳು ಶಾಲೆಗೆ. ಹಗಲೆಲ್ಲ ಕುರ್ಚಿಯಲ್ಲಿ ತೂಕಡಿಸುತ್ತಿದ್ದ ಅಪ್ಪ ರಾತ್ರಿಯಿಡೀ ಎಚ್ಚರವಾಗಿರುತ್ತಿದ್ದರು. ಎರಡು ಗಂಟೆಯ ಹೊತ್ತಿಗೆ ಅಡುಗೆಮನೆಯಲ್ಲಿ ಲೋಟದ ಸದ್ದು ಕೇಳಿಸುತ್ತಿತ್ತು. ಬೆಳಗಿನ ಪಾಳಿಗೆ ಹೋಗಬೇಕಾದ ನಾನು ಹೊದಿಕೆಯನ್ನು ಮುಖದ ಮೇಲೆ ಎಳೆದುಕೊಳ್ಳುತ್ತಿದ್ದೆ.

ಒಂದು ದಿನ ಔಷಧಿ ಅಂಗಡಿಯಿಂದ, ವೈದ್ಯರ ಚೀಟಿಯಿಲ್ಲದೆ ದೊರೆಯುವ ನಿದ್ರೆಯ ಮಾತ್ರೆಯ ಡಬ್ಬಿಯೊಂದನ್ನು ತಂದು, “ಅಪ್ಪ, ಮಲಗುವ ಮುಂಚೆ ಒಂದು ತಗೊಳ್ಳಿ, ಚೆನ್ನಾಗಿ ನಿದ್ದೆ ಬರುತ್ತೆ” ಎಂದು ಕೊಟ್ಟೆ. ಶಿಬಿರಕ್ಕೆ ಬರುವ ಪ್ರತಿಯೊಬ್ಬರಿಗೂ “ಈಗ ಯಾವ ಯಾವ ಮಾತ್ರೆ ತೆಗೆದುಕೊಳ್ಳುತ್ತಿದ್ದೀರಿ?” ಎಂದು ಮೊದಲು ಕೇಳುವ ನಾನು ನನ್ನ ಅಪ್ಪನನ್ನು ಆ ಒಂದು ಪ್ರಶ್ನೆ ಕೇಳಲಿಲ್ಲ. ಮೈಸೂರಿನಲ್ಲಿ ಎಂಬಿಬಿಎಸ್ ಓದುವಾಗ ಔಷಧ ವಿಜ್ಞಾನದ ಗುರುಗಳು ಹೇಳಿಕೊಟ್ಟ ಮೊದಲ ಪಾಠವೇ ಅದು.

ನಾಲ್ಕನೆಯ ರಾತ್ರಿ ಅಪ್ಪ ಬಚ್ಚಲುಮನೆಯ ಬಾಗಿಲಲ್ಲಿ ಬಿದ್ದರು. ಓಡಿಹೋಗಿ ಎತ್ತಿದಾಗ ನನ್ನ ಗುರುತು ಅವರಿಗೆ ಸಿಗಲಿಲ್ಲ. ಅಮ್ಮನ ಹೆಸರು ಹಿಡಿದು, ದೀಪ ಹಚ್ಚು ಎಂದು ಮತ್ತೆ ಮತ್ತೆ ಕರೆಯುತ್ತಿದ್ದರು. ದೀಪ ಉರಿಯುತ್ತಲೇ ಇತ್ತು. ಬಲ ಮಣಿಕಟ್ಟಿನ ಮೂಳೆ ಮುರಿದಿತ್ತು. ತಲೆಗೆ ಪೆಟ್ಟಾಗಲಿಲ್ಲ ಎಂಬುದೇ ಪುಣ್ಯ. ಮರುದಿನ ಮಧ್ಯಾಹ್ನದ ಹೊತ್ತಿಗೆ ಮಂಪರು ತಿಳಿದ ಮೇಲೆ ಅವರೇ ನಾಚುತ್ತ ಹೇಳಿದರು: ಅಮ್ಮ ಹೋದ ತಿಂಗಳಿನಿಂದ ದಿನವೂ ಅರ್ಧ ಆಲ್‌ಪ್ರಜೋಲಾಮ್ ಮಾತ್ರೆ ನುಂಗುತ್ತಿದ್ದರಂತೆ, ನಾನು ಕೊಟ್ಟದ್ದನ್ನೂ ಅದರ ಜೊತೆಗೇ ತೆಗೆದುಕೊಂಡರಂತೆ. “ನೀನು ಡಾಕ್ಟರು, ನೀನೇ ಕೊಟ್ಟ ಮೇಲೆ ಇನ್ನೇನು ಯೋಚನೆ ಅಂದುಕೊಂಡೆ” ಎಂದರು. ಆ ಮಾತು ಇಂದಿಗೂ ಚುಚ್ಚುತ್ತದೆ.

ಕೈಗೆ ಪಟ್ಟಿ ಹಾಕಿಸಿಕೊಂಡು ಬಂದ ಮೇಲೆ ಮಾತ್ರೆಯ ಮಾತನ್ನು ಇಬ್ಬರೂ ಎತ್ತಲಿಲ್ಲ. ನಾನು ತಂದ ಡಬ್ಬಿಯನ್ನು ಎಸೆದೆ. ಅವರ ಮಾತ್ರೆ ಮುಗಿದಿದೆ ಎಂದರು, ನಂಬಿದೆ. ರಾತ್ರಿಗಳಲ್ಲಿ ಅವರ ಜೊತೆ ಸ್ವಲ್ಪ ಹೊತ್ತು ಕುಳಿತಿರಲು ತೊಡಗಿದೆ. ಕುಳಿತು ಮಾಡುವುದೇನು? ಡೆಟ್ರಾಯಿಟ್‌ನ ಉಚಿತ ಚಿಕಿತ್ಸಾಲಯವೊಂದರಲ್ಲಿ ನನ್ನೊಡನೆ ಸ್ವಯಂಸೇವೆ ಮಾಡುತ್ತಿದ್ದ ಹಿರಿಯ ದಾದಿಯೊಬ್ಬರು ನಿವೃತ್ತರಾಗುವಾಗ, “ಈಕೆ ನಮ್ಮ ಊರಿನಲ್ಲಿದ್ದವಳು” ಎಂದು ಒಂದು ಎಲ್‌ಪಿ ತಟ್ಟೆಯನ್ನು ಕೊಟ್ಟಿದ್ದರು. ಅದನ್ನು ಹೊರತೆಗೆದು ಮೆಲುದನಿಯಲ್ಲಿ ಹಾಕಿದೆ.

ಅದು ಡೈನಾ ವಾಷಿಂಗ್ಟನ್ ಹಾಡಿದ ‘ವಾಟ್ ಎ ಡಿಫರೆನ್ಸ್ ಎ ಡೇ ಮೇಕ್ಸ್!’. ಶಿಕಾಗೋದ ಮರ್ಕ್ಯುರಿ ಸಂಸ್ಥೆ 1959ರಲ್ಲಿ ಹೊರತಂದ ತಟ್ಟೆ. ಹನ್ನೆರಡು ಹಾಡುಗಳು, ಬಹುಪಾಲು ವಿರಹದ, ನೆನಪಿನ ನಿಧಾನಗತಿಯ ಗೀತೆಗಳು. ಡೈನಾ 1924ರಲ್ಲಿ ಅಲಬಾಮಾದ ಟಸ್ಕಲೂಸಾದಲ್ಲಿ ಹುಟ್ಟಿ, ಶಿಕಾಗೋದಲ್ಲಿ ಚರ್ಚಿನ ಹಾಡುಗಳೊಡನೆ ಬೆಳೆದು, ಲಯೊನೆಲ್ ಹ್ಯಾಂಪ್ಟನ್‌ರ ವಾದ್ಯವೃಂದದಲ್ಲಿ ಹೆಸರಾದವಳು. ಹುಟ್ಟುಹೆಸರು ರೂತ್ ಲೀ ಜೋನ್ಸ್. ಜಾಝ್ ಮತ್ತು ಬ್ಲೂಸ್ ಲೋಕದ ಈ ರಾಣಿಗೆ ಬೆಲ್ಫರ್ಡ್ ಹೆಂಡ್ರಿಕ್ಸ್ ಎಂಬ ಸಂಯೋಜಕರು ಪಿಟೀಲುಗಳ ವೃಂದವನ್ನು ಹಿನ್ನೆಲೆಯಾಗಿ ಒದಗಿಸಿದರು. ಶುದ್ಧ ಜಾಝ್ ಪ್ರಿಯರಲ್ಲಿ ಕೆಲವರು ಇದು ತೀರ ಸಿಹಿಯಾಯಿತೆಂದು ಮೂಗು ಮುರಿದರೂ ಜನ ಮೆಚ್ಚಿದರು. ಶೀರ್ಷಿಕೆಯ ಹಾಡಿಗೆ ಆ ವರ್ಷದ ಗ್ರ್ಯಾಮಿ ಪ್ರಶಸ್ತಿ ಬಂದಿತು. ಆ ಹಾಡು ಮೂಲದಲ್ಲಿ ಮೆಕ್ಸಿಕೋದ ಮರಿಯಾ ಗ್ರೆವರ್ ಎಂಬಾಕೆ 1934ರಲ್ಲಿ ರಚಿಸಿದ ಸ್ಪ್ಯಾನಿಷ್ ಗೀತೆ. ಇಂಗ್ಲಿಷಿಗೆ ತಂದವರು ಸ್ಟ್ಯಾನ್ಲಿ ಆಡಮ್ಸ್. ಒಂದೇ ಒಂದು ದಿನ ಬಾಳನ್ನು ಎಷ್ಟು ಬದಲಿಸಬಲ್ಲದು ಎಂಬುದೇ ಅದರ ತಿರುಳು.

ಅಪ್ಪನಿಗೆ ಇಂಗ್ಲಿಷ್ ಹಾಡು ಎಂದರೆ ಗದ್ದಲ ಎಂಬ ಭಾವನೆ ಇತ್ತು. ಎರಡು ಹಾಡು ಮುಗಿಯುವವರೆಗೆ ಮಾತಾಡಲಿಲ್ಲ. ಅನಂತರ, “ಈ ತಾಯಿ ಅಕ್ಷರ ನುಂಗುವುದಿಲ್ಲ, ನೋಡು” ಎಂದರು. ಕನ್ನಡ ಮೇಷ್ಟರ ಬಾಯಲ್ಲಿ ಇದಕ್ಕಿಂತ ದೊಡ್ಡ ಪ್ರಶಂಸೆ ಇಲ್ಲ. ಡೈನಾಳ ಹೆಸರು ಉಳಿದಿರುವುದೂ ಆ ಸ್ಪಷ್ಟ ಉಚ್ಚಾರಣೆಯಿಂದಲೇ. ಪ್ರತಿಯೊಂದು ಪದವನ್ನೂ ಅಂಚು ಸವೆಯದ ನಾಣ್ಯದಂತೆ ಎಣಿಸಿ ಇಡುತ್ತಾಳೆ. ಹಿಂದೆ ಎಷ್ಟು ಪಿಟೀಲು ಮೊಳಗಿದರೂ ಮಾತು ಮುಳುಗುವುದಿಲ್ಲ.

“ನಮ್ಮ ಕಾಳಿಂಗರಾಯರು ಹೀಗೆಯೇ” ಎಂದು ಅಪ್ಪ ಮುಂದುವರಿಸಿದರು. ಪಿ. ಕಾಳಿಂಗರಾಯರು ಪಾಶ್ಚಾತ್ಯ ವಾದ್ಯಗಳನ್ನು ಕನ್ನಡ ಗೀತೆಗಳಿಗೆ ಹೊಂದಿಸಿ, ಮೋಹನಕುಮಾರಿ, ಸೋಹನಕುಮಾರಿಯರೊಡನೆ ಊರೂರು ತಿರುಗಿ ಹಾಡಿ, ಸುಗಮ ಸಂಗೀತಕ್ಕೆ ದಾರಿ ಮಾಡಿಕೊಟ್ಟವರು. ವಾದ್ಯ ಹೆಚ್ಚಾಯಿತೆಂದು ಆಗಲೂ ಗೊಣಗುವವರಿದ್ದರಂತೆ. ಆದರೆ ಕವಿಯ ಮಾತು ಕೇಳುಗನ ಕಿವಿಗೆ ತಲುಪಬೇಕು, ಮಿಕ್ಕದ್ದೆಲ್ಲ ಆಮೇಲೆ ಎನ್ನುವುದು ಅಪ್ಪನ ಸಿದ್ಧಾಂತ. ಆ ರಾತ್ರಿ ಬಹಳ ದಿನಗಳ ಮೇಲೆ ಅವರು ಅಮ್ಮನ ಬಗ್ಗೆ ಮಾತನಾಡಿದರು. ಮದುವೆಯಾದ ಹೊಸತರಲ್ಲಿ ಇಬ್ಬರೂ ಬಾಡಿಗೆ ಮನೆಯ ಮೆಟ್ಟಿಲ ಮೇಲೆ ಕುಳಿತು ಪಕ್ಕದ ಮನೆಯ ರೇಡಿಯೋದಲ್ಲಿ ಭಾವಗೀತೆ ಕೇಳುತ್ತಿದ್ದುದನ್ನು ನಾನು ಮೊದಲ ಬಾರಿಗೆ ತಿಳಿದೆ.

ಅನಂತರ ಇದೇ ಅಭ್ಯಾಸವಾಯಿತು. ಒಂದು ರಾತ್ರಿ ತಟ್ಟೆ ಮುಗಿದಾಗ ಅಪ್ಪ ಕೇಳಿದರು: “ಈಕೆ ಈಗಲೂ ಇದ್ದಾರೆಯೇ?”

ಹೇಳುವುದೋ ಬೇಡವೋ ಎಂದು ಒಂದು ಕ್ಷಣ ಅನುಮಾನಿಸಿದೆ. ಬಳಿಕ ಹೇಳಿದೆ. 1963ರ ಡಿಸೆಂಬರ್ 14ರಂದು, ನಮ್ಮ ಮನೆಯಿಂದ ಕಾರಿನಲ್ಲಿ ಅರ್ಧ ಗಂಟೆಯ ದಾರಿಯ ಡೆಟ್ರಾಯಿಟ್‌ನಲ್ಲಿ, ತನ್ನ ಮನೆಯಲ್ಲೇ ತೀರಿಕೊಂಡಳು. ವಯಸ್ಸು ಮೂವತ್ತೊಂಬತ್ತು. ಆ ವರ್ಷವಷ್ಟೇ ಡೆಟ್ರಾಯಿಟ್ ಲಯನ್ಸ್ ತಂಡದ ಆಟಗಾರ ಡಿಕ್ ಲೇನ್‌ನನ್ನು ಮದುವೆಯಾಗಿದ್ದಳು. ದೇಹದಲ್ಲಿ ಸೆಕೊಬಾರ್ಬಿಟಾಲ್, ಅಮೊಬಾರ್ಬಿಟಾಲ್ ಎಂಬ ಎರಡು ಬಗೆಯ ನಿದ್ರೆಯ ಔಷಧಗಳಿದ್ದವು. ಅದನ್ನು ಆಕಸ್ಮಿಕ ಸಾವೆಂದೇ ಪರಿಗಣಿಸಲಾಯಿತು. ಆ ಕಾಲದ ಆ ಔಷಧಗಳಲ್ಲಿ ನಿದ್ರೆ ಬರಿಸುವ ಪ್ರಮಾಣಕ್ಕೂ ಉಸಿರು ನಿಲ್ಲಿಸುವ ಪ್ರಮಾಣಕ್ಕೂ ಅಂತರ ಬಹಳ ಕಡಿಮೆ. ಎರಡು ಸೇರಿದರೆ ಇನ್ನೂ ಕಡಿಮೆ.

ಅಪ್ಪ ಏನೂ ಹೇಳದೆ ಎದ್ದು ತಮ್ಮ ಕೋಣೆಗೆ ಹೋದರು. ಬೇಸರವಾಯಿತೇನೋ ಎಂದುಕೊಂಡೆ. ಸ್ವಲ್ಪ ಹೊತ್ತಿಗೆ ಹಿಂದಿರುಗಿ, ಊರಿನಿಂದ ತಂದಿದ್ದ ಕಾಫಿಪುಡಿಯ ಡಬ್ಬಿಯೊಂದನ್ನು ಎಡಗೈಯಲ್ಲಿ ಮೇಜಿನ ಮೇಲಿಟ್ಟರು. ಒಳಗೆ ಆಲ್‌ಪ್ರಜೋಲಾಮ್‌ನ ಆರು ಪಟ್ಟಿಗಳಿದ್ದವು. “ಮುಗಿದಿಲ್ಲ. ಸುಳ್ಳು ಹೇಳಿದ್ದೆ” ಎಂದರು.

“ನಾನು ಕೇಳಲೇ ಇಲ್ಲವಲ್ಲ ಅಪ್ಪ” ಎಂದೆ. ಅದಕ್ಕಿಂತ ಹೆಚ್ಚಿನ ಮಾತು ನನ್ನಿಂದ ಹೊರಡಲಿಲ್ಲ.

ಡಬ್ಬಿಯನ್ನು ಅಂದೇ ಕಸಕ್ಕೆ ಹಾಕಲಿಲ್ಲ. ಇಂಥ ಮಾತ್ರೆಯನ್ನು ಬಹುದಿನ ತೆಗೆದುಕೊಂಡವರು ಒಮ್ಮೆಲೇ ಬಿಡಬಾರದು. ನಡುಕ, ಗಾಬರಿ, ಕೆಲವೊಮ್ಮೆ ಫಿಟ್ಸ್ ಕೂಡ ಬರಬಹುದು. ನನ್ನ ಅಪ್ಪನಿಗೆ ನಾನೇ ವೈದ್ಯವೃತ್ತಿ ಮಾಡುವುದು ಬೇಡವೆಂದು ಬೇರೊಬ್ಬ ವೈದ್ಯರ ಬಳಿ ಕರೆದೊಯ್ದೆ. ಅವರು ವಾರಗಟ್ಟಲೆ ಸ್ವಲ್ಪಸ್ವಲ್ಪವಾಗಿ ಇಳಿಸಿ ಬಿಡಿಸಿದರು. ಹಗಲು ತೂಕಡಿಸದಂತೆ ಬೆಳಗಿನ ಬಿಸಿಲಿಗೆ ಕಿಟಕಿಯ ಬಳಿ ಕೂರಿಸಿದೆವು. ನನ್ನ ಮಗಳಿಗೆ ಕನ್ನಡ ಓದಿಸುವ ಕೆಲಸ ಒಪ್ಪಿಸಿದೆವು. ನಿದ್ರೆ ಪೂರ್ತಿ ಮರಳಿತೆಂದು ಹೇಳಲಾರೆ. ಎರಡು ಗಂಟೆಯ ಲೋಟದ ಸದ್ದು ನಾಲ್ಕು ಗಂಟೆಗೆ ಸರಿಯಿತು, ಅಷ್ಟೆ.

ಊರಿನಿಂದ ತಂದೆ ತಾಯಿ, ಅತ್ತೆ ಮಾವಂದಿರು ಬಂದಿರುವ ಮನೆಗಳಿಗೆ ನನ್ನದೊಂದು ವಿನಂತಿ. ಅವರ ಚೀಲದಲ್ಲಿ ಯಾವ ಮಾತ್ರೆಗಳಿವೆ ಎಂದು ಗದರಿಸದೆ ಕೇಳಿ. ಇಲ್ಲಿ ಚೀಟಿಯಿಲ್ಲದೆ ಸಿಗುವ ನಿದ್ರೆಯ ಮಾತ್ರೆಗಳಲ್ಲಿ ಬಹುಪಾಲು ಅಲರ್ಜಿಗೆ ಬಳಸುವ ಡೈಫೆನ್‌ಹೈಡ್ರಮಿನ್‌ನಂಥ ಹಳೆಯ ಔಷಧಗಳೇ ಇರುತ್ತವೆ. ವಯಸ್ಸಾದವರಲ್ಲಿ ಅವು ಗೊಂದಲ, ಮೂತ್ರ ಕಟ್ಟುವಿಕೆ, ಬೀಳುವಿಕೆಗಳಿಗೆ ಕಾರಣವಾಗಬಲ್ಲವು. ಮುಂದಿನ ಶಿಬಿರಕ್ಕೆ ಬರುವಾಗ ಮನೆಯ ಹಿರಿಯರ ಎಲ್ಲ ಮಾತ್ರೆಗಳನ್ನೂ ಒಂದು ಚೀಲದಲ್ಲಿ ಹಾಕಿ ತನ್ನಿ. ಕಾಫಿಪುಡಿಯ ಡಬ್ಬಿಯನ್ನೂ ಮರೆಯಬೇಡಿ.

ಅಪ್ಪ ಈಗ ತಿಪಟೂರಿನಲ್ಲಿದ್ದಾರೆ. ಭಾನುವಾರ ಫೋನ್ ಮಾಡಿದಾಗ ಎಲ್ಲರ ಕ್ಷೇಮ ವಿಚಾರಿಸಿದ ಮೇಲೆ, “ಅಕ್ಷರ ನುಂಗದ ಆ ತಾಯಿಯನ್ನು ಸ್ವಲ್ಪ ಹಾಕು” ಎನ್ನುತ್ತಾರೆ. ಫೋನನ್ನು ಸ್ಪೀಕರಿನ ಬಳಿ ಹಿಡಿದು, ಹಾಡು ಮುಗಿಯುವವರೆಗೆ ನಿಂತಿರುತ್ತೇನೆ.