ವಿಜಯಪುರದಲ್ಲಿ ಕಲಿತ ಪಾಠ

ಮೂವತ್ತು ವರ್ಷಗಳ ಕಾಲ ನವಲಗುಂದ ಸೀಮೆಯ ಶಾಲೆಯೊಂದರಲ್ಲಿ ಇತಿಹಾಸವನ್ನು ಕಲಿಸಿದವನು ನಾನು. ವಿಜಯಪುರದ ಆದಿಲಶಾಹಿ ಅರಸರ ಹೆಸರುಗಳನ್ನೂ ಇಸವಿಗಳನ್ನೂ ಮಕ್ಕಳಿಂದ ಬಾಯಿಪಾಠ ಮಾಡಿಸಿದ್ದೆನು. ಆದರೆ ಆ ಪಟ್ಟಣವನ್ನು ಕಣ್ಣಾರೆ ಕಂಡಿರಲಿಲ್ಲ. ಅಲ್ಲಿ ಶಿಕ್ಷಕನಾಗಿರುವ ನನ್ನ ಹಳೆಯ ಶಿಷ್ಯನೊಬ್ಬನು, "ಒಮ್ಮೆ ಬಂದು ಹೋಗ್ರಿ ಮಾಸ್ತರ" ಎಂದು ಪದೇ ಪದೇ ಕರೆಯುತ್ತಿದ್ದುದರಿಂದ, ಕಳೆದ ಫಾಲ್ಗುಣದಲ್ಲಿ ಅಣ್ಣಿಗೇರಿಯಲ್ಲಿ ರೈಲುಬಂಡಿಯನ್ನು ಹತ್ತಿದೆನು. ಗದಗನ್ನು ಬಿಟ್ಟ ಬಳಿಕ ಮಲಪ್ರಭೆ, ಘಟಪ್ರಭೆ, ಕೃಷ್ಣೆಯರನ್ನು ಕ್ರಮವಾಗಿ ದಾಟಿ, ಮರಗಳು ವಿರಳವಾದ ಬಯಲಿನಲ್ಲಿ ಸಾಗುತ್ತಿರಲು, ಬಹು ದೂರದಿಂದಲೇ ಗೋಲಗುಮ್ಮಟವು ಕಾಣಿಸಿಕೊಂಡಿತು.

ಮರುದಿನ ಮುಂಜಾನೆ ಮೊದಲು ಅಲ್ಲಿಗೇ ಹೋದೆವು. ೧೬೫೬ರಲ್ಲಿ ತೀರಿಕೊಂಡ ಮಹಮ್ಮದ ಆದಿಲಶಾಹನ ಗೋರಿಯಿದು. ಗುಮ್ಮಟದ ಒಳವ್ಯಾಸವು ಸುಮಾರು ೧೨೪ ಅಡಿ; ನಡುವೆ ಒಂದಾದರೂ ಕಂಬವಿಲ್ಲ. ಒಂದನ್ನೊಂದು ಛೇದಿಸುವ ಕಮಾನುಗಳೇ ಆ ಭಾರವನ್ನು ಹೊತ್ತಿರುವವು. ಮೇಲಿನ ಸುತ್ತುಪಡಸಾಲೆಯಲ್ಲಿ ಈ ಕಡೆಯ ಗೋಡೆಗೆ ಬಾಯಿಟ್ಟು ಪಿಸುಗುಟ್ಟಿದ ಮಾತು ಆ ಕಡೆಯವರಿಗೆ ಸ್ಪಷ್ಟವಾಗಿ ಕೇಳಿಸುವದು.

ಅಲ್ಲಿಂದ ಮಧ್ಯಾಹ್ನದ ಹೊತ್ತಿಗೆ ಕೋಟೆಯ ಬುರುಜಿನ ಮೇಲಿರುವ ಮಲಿಕ-ಎ-ಮೈದಾನ ತೋಪಿನ ಬಳಿಗೆ ಬಂದೆವು. ಅದು ೧೫೪೯ರಲ್ಲಿ ಅಹಮದನಗರದಲ್ಲಿ ಎರಕ ಹೊಯ್ದದ್ದು. ಅದರ ಮೂತಿಯು ಆನೆಯನ್ನು ನುಂಗುತ್ತಿರುವ ಸಿಂಹದ ಬಾಯಿಯಂತಿದೆ. ಆ ಬಾಯಿಯನ್ನು ನೋಡುತ್ತಲೆ ನನಗೆ ನನ್ನ ಹಳೆಯ ಪಾಠವು ನೆನಪಾಯಿತು. ೧೫೬೫ರ ಜನವರಿಯಲ್ಲಿ ಕೃಷ್ಣೆಯ ತಡಿಯಲ್ಲಿ ವಿಜಯನಗರದ ರಾಮರಾಯನು ದಖ್ಖಣದ ಸುಲ್ತಾನರ ಕೂಟಕ್ಕೆ ಸೋತು ಮಡಿದದ್ದನ್ನೂ ಹಂಪೆಯು ಹಾಳಾದದ್ದನ್ನೂ ನಾನು ಬಲು ಆವೇಶದಿಂದ ವರ್ಣಿಸುತ್ತಿದ್ದೆನು. ಒಂದು ವರ್ಷ ಆ ಪಾಠವು ಮುಗಿದಾಗ, ಹುಡುಗರು ಹಿಂದಿನ ಸಾಲಿನಲ್ಲಿದ್ದ ಮುಸಲ್ಮಾನ ಬಾಲಕನತ್ತ ತಿರುಗಿ, "ಹಾಳು ಮಾಡಿದವರು ನೀವೇ" ಎಂದು ನಕ್ಕರು. ನಾನು ಕೇಳಿಯೂ ಕೇಳದವನಂತೆ ಕರಿಹಲಗೆಯನ್ನು ಒರೆಸುತ್ತ ನಿಂತೆನು. ಆ ಬಾಲಕನೇ ಈಗ ನನಗೆ ಬಿಸಿಲು ತಾಗದಂತೆ ಕೊಡೆ ಹಿಡಿದು ಪಕ್ಕದಲ್ಲಿ ನಿಂತಿದ್ದನು.

ಸಾಯಂಕಾಲ ಬಾರಾಕಮಾನಿಗೆ ಹೋದೆವು. ೧೬೭೨ರಲ್ಲಿ ಮಡಿದ ಎರಡನೆಯ ಅಲಿಯ ಗೋರಿಯದು. ಕಮಾನುಗಳಷ್ಟೇ ಎದ್ದು, ಕೆಲಸವು ಅರ್ಧಕ್ಕೆ ನಿಂತಿದೆ. "ಈ ಪಾಠವನ್ನು ನೀನು ಹೇಗೆ ಕಲಿಸುತ್ತೀಯಪ್ಪಾ?" ಎಂದು ಕೇಳಿದೆನು.

"ಮೊದಲು ೧೫೫೮ನೇ ಇಸವಿ ಹೇಳ್ತೀನ್ರಿ" ಎಂದನು. "ಆಗ ರಾಮರಾಯ, ಮೊದಲನೇ ಅಲಿ ಇಬ್ಬರೂ ಕೂಡಿ ಅಹಮದನಗರದ ಮ್ಯಾಲೆ ದಂಡೆತ್ತಿ ಹೋಗಿದ್ರು. ಏಳು ವರ್ಷಕ್ಕ ಅದೇ ಅಲಿ ಅಹಮದನಗರದವರ ಕೂಡ ಸೇರಿ ರಾಮರಾಯನ ಮ್ಯಾಲೆ ಬಂದ. ಆಮ್ಯಾಲೆ ೧೬೮೬ ಹೇಳ್ತೀನ್ರಿ. ಈ ಊರನ್ನ ಮುತ್ತಿ ತಗೊಂಡಾಂವ ಔರಂಗಜೇಬ. ಆ ಜಗಳ ಧರ್ಮದ್ದೇನ್ರಿ, ರಾಜ್ಯದ್ದೇನ್ರಿ ಅಂತ ಹುಡುಗರನ್ನೇ ಕೇಳ್ತೀನಿ."

ನಾನು ನಿರುತ್ತರನಾದೆನು. ಹಂಪೆಯನ್ನು ಗೆದ್ದವರ ರಾಜಧಾನಿಯೂ ೧೨೧ ವರ್ಷಗಳಲ್ಲಿ ಅದೇ ಗತಿಯನ್ನು ಕಂಡಿತು. ಕೊನೆಯ ಅರಸನಾದ ತರುಣ ಸಿಕಂದರನು ಸೆರೆಯಾಳಾದನು. ಕೆಲವೇ ವರ್ಷಗಳಲ್ಲಿ ಪ್ಲೇಗು ಬಂದು ಜನರನ್ನು ಕೊಂಡೊಯ್ದಿತು.

ಎರಡನೆಯ ದಿನ ಇಬ್ರಾಹಿಮ ರೋಜಾವನ್ನು ಕಂಡೆವು. ಇದು ೧೫೮೦ರಿಂದ ೧೬೨೭ರ ವರೆಗೆ ಆಳಿದ ಎರಡನೆಯ ಇಬ್ರಾಹಿಮನ ಸಮಾಧಿ. ಜನರು ಈತನನ್ನು ಜಗದ್ಗುರುವೆಂದು ಕರೆದರು. ಸಂಗೀತದ ಬಗೆಗೆ ದಖ್ಖನಿ ಭಾಷೆಯಲ್ಲಿ ಈತನು ರಚಿಸಿದ ಗ್ರಂಥದ ಹೆಸರು 'ಕಿತಾಬ್-ಎ-ನೌರಸ್'. ಅದರಲ್ಲಿ ಸರಸ್ವತಿಯ ಸ್ತುತಿಯುಂಟು. 'ನವರಸ'! ಬಾಲ್ಯದಿಂದ ಅಲಂಕಾರಶಾಸ್ತ್ರವನ್ನು ಓದಿದ ನನಗೆ ಆ ಶಬ್ದವು ಇಲ್ಲಿ ಎದುರಾದೀತೆಂದು ಕನಸಿನಲ್ಲಿಯೂ ಹೊಳೆದಿರಲಿಲ್ಲ. ಅದೇ ಹೆಸರಿನಿಂದ ಆತನು ೧೫೯೯ರಲ್ಲಿ ನೌರಸಪುರವೆಂಬ ಹೊಸ ಪಟ್ಟಣವನ್ನು ಆರಂಭಿಸಿದನು. ೧೬೨೪ರಲ್ಲಿ ಅಹಮದನಗರದ ಮಲಿಕ ಅಂಬರನು ಅದನ್ನು ಹಾಳುಗೆಡವಿದನು. ಭರತಮುನಿಯು ಹೇಳಿದ ರಸಗಳು ಎಂಟು. ಶಾಂತವು ಒಂಬತ್ತನೆಯದಾಗಿ ಆಮೇಲೆ ಸೇರಿತು. ನಾಡಿನ ಬಾಳಿನಲ್ಲಿಯೂ ಅದು ತಡವಾಗಿಯೇ ಬರುವದೇನೋ!

ರೋಜಾದ ಕಟ್ಟೆಯ ಮೇಲೆ ಕುಳಿತಾಗ, ಮನಸ್ಸಿನಲ್ಲಿದ್ದುದನ್ನು ಆಡಿಬಿಟ್ಟೆನು: "ಆ ದಿನ ನಾನು ಹುಡುಗರನ್ನು ಗದರಿಸಬೇಕಾಗಿತ್ತು."

ಆತನು ಸ್ವಲ್ಪ ಹೊತ್ತು ಸುಮ್ಮನಿದ್ದು, "ನೆನಪದ ರೀ ಮಾಸ್ತರ. ಎರಡು ದಿನ ನಾನು ಸಾಲೀಗೆ ಬರಲಿಲ್ಲ, ನೀವು ಯಾಕಂತ ಕೇಳಲಿಲ್ಲ" ಎಂದನು. ಬಳಿಕ, "ಅದಕ್ಕ ಈಗ ನನ್ನ ವರ್ಗದಾಗ ಯಾರರೆ ಬರದಿದ್ರ ಮನೀಗೆ ಹೋಗಿ ಕೇಳಿ ಬರ್ತೀನ್ರಿ" ಎಂದು ನಕ್ಕು, ಬುತ್ತಿಯ ಗಂಟನ್ನು ಬಿಚ್ಚಿ ರೊಟ್ಟಿಯನ್ನು ನನ್ನ ಮುಂದಿಟ್ಟನು.

ಊರಿಗೆ ಮರಳಿದ ಮೇಲೆ ನನ್ನ ಮೊಮ್ಮಗಳು ತಾಳಿಕೋಟೆಯ ಪಾಠವನ್ನು ಹಿಡಿದುಕೊಂಡು ಬಂದಳು. ಈ ಸಲ ನಾನು ೧೫೫೮ರಿಂದ ಆರಂಭಿಸಿ, ೧೬೮೬ರ ವರೆಗೆ ಹೇಳಿದೆನು. ವಾಚಕರೇ, ಮಕ್ಕಳನ್ನು ಒಮ್ಮೆ ವಿಜಯಪುರಕ್ಕೆ ಕರೆದೊಯ್ಯಿರಿ. ಹಂಪೆಯನ್ನು ಕಂಡವರಂತೂ ಅವಶ್ಯವಾಗಿ ಹೋಗಬೇಕು. ಎರಡನ್ನೂ ಕಂಡ ಮಗುವು ಇತಿಹಾಸದ ಪಾಠವನ್ನು ಕೇಳಿ ಪಕ್ಕದವನತ್ತ ಬೆರಳು ತೋರಿಸಲಾರದು.