ಹಿತ್ತಿಲಿನ ಒಣಮರ

ಮನೆಯ ಮುಂಭಾಗ ಬಂದವರಿಗೆ, ಹಿತ್ತಿಲು ಇದ್ದವರಿಗೆ ಎಂಬುದು ನಮ್ಮಲ್ಲಿ ಹಳೆಯ ವ್ಯವಸ್ಥೆ. ಮುಂದೆ ರಂಗವಲ್ಲಿ, ತುಳಸಿ, ಕುರ್ಚಿ. ಹಿಂದೆ ಒಗೆಯುವ ಕಲ್ಲು, ಬಚ್ಚಲ ನೀರು ಕುಡಿದು ಬೆಳೆದ ಬಾಳೆ, ಕಾಲು ಮುರಿದ ಮಣೆ, ಎಂದಾದರೂ ಬೇಕಾದೀತೆಂದು ಅಡಕಿಟ್ಟ ಹಂಚು. ಈ ಬೇಡವಾದ ವಸ್ತುಗಳ ಸಂಸಾರದಲ್ಲಿ ಒಮ್ಮೊಮ್ಮೆ ಒಂದು ಒಣಮರವೂ ಸೇರಿಕೊಂಡಿರುತ್ತದೆ. ಅದನ್ನು ಕಡಿಸಬೇಕೆಂದು ಮನೆಯವರು ಪ್ರತಿ ವರ್ಷವೂ ನಿಶ್ಚಯಿಸುತ್ತಾರೆ; ಕಡಿಯುವವನು ಸಿಕ್ಕದೆಯೋ, ಸಿಕ್ಕಾಗ ಕೈಯಲ್ಲಿ ಹಣವಿಲ್ಲದೆಯೋ ಆ ಕಾರ್ಯ ಮುಂದಿನ ವರ್ಷಕ್ಕೆ ಉಳಿಯುತ್ತದೆ. ಪಟ್ಟಣದ ಹೊಸ ಬಡಾವಣೆಗಳಲ್ಲಿ ಮರಕುಟಿಗ ಗೂಡು ಮಾಡುವುದನ್ನು ಕಂಡವರು ವಿರಳ. ಅಲ್ಲಿ ಮರಗಳಿಲ್ಲವೆಂದಲ್ಲ, ಸತ್ತ ಮರವನ್ನು ನಿಲ್ಲಲು ಬಿಡುವಷ್ಟು ಸೋಮಾರಿತನ ಅಲ್ಲಿ ಯಾರಿಗೂ ಇಲ್ಲ.

ಕಾಮಸಮುದ್ರದ ಮೇಷ್ಟರ ಮನೆಯಲ್ಲಿ ಅಂಥ ಸೋಮಾರಿತನ ಧಾರಾಳವಾಗಿತ್ತು. ಬಂಗಾರಪೇಟೆಯಿಂದ ಜೋಲಾರಪೇಟೆಯ ಕಡೆಗೆ ಸಾಗುವ ರೈಲುದಾರಿಯಲ್ಲಿ ಈ ಊರಿನ ಹೆಸರು ಹೊತ್ತ ನಿಲ್ದಾಣವೊಂದಿದೆ. ಆಚೆಗೆ ಆಂಧ್ರದ ಗಡಿ, ಕುರುಚಲು ಕಾಡು, ಆ ಕಾಡನ್ನು ಇಳಿದು ರಾಗಿ ಹೊಲಕ್ಕೆ ಬರುವ ಆನೆಗಳು. ಈಚೆಗೆ ಚಿನ್ನದ ಗಣಿಯ ಊರು. ಮೇಷ್ಟರು ಪ್ರೌಢಶಾಲೆಯಲ್ಲಿ ಗಣಿತ ಹೇಳಿ ನಿವೃತ್ತರಾದವರು. ಅವರ ಹಿತ್ತಿಲಿನಲ್ಲಿ ಒಂದು ಹಲಸು, ಎರಡು ನುಗ್ಗೆ, ಒಂದು ಹೊಂಗೆ, ಮತ್ತು ಒಂದು ತೆಂಗು. ತೆಂಗಿಗೆ ಸಿಡಿಲು ಹೊಡೆದು ಸುಳಿ ಸುಟ್ಟು, ಗರಿಗಳೆಲ್ಲ ಒಂದೊಂದಾಗಿ ಉದುರಿ, ಕೊನೆಗೆ ಬರಿಯ ಕಂಬ ಉಳಿದಿತ್ತು. ಅದು ನೆಟ್ಟಗೂ ಇರಲಿಲ್ಲ. ನೆರೆಮನೆಯ ಕಡೆಗೆ, ಏನೋ ಗುಟ್ಟು ಕೇಳಿಸಿಕೊಳ್ಳುವವನಂತೆ, ತುಸು ಬಾಗಿ ನಿಂತಿತ್ತು.

ಬೆಂಗಳೂರಿನಲ್ಲಿರುವ ಮಗ ಹೊಸ ಕ್ಯಾಮರಾ ಕೊಂಡಾಗ ಹಳೆಯದನ್ನು, ಮೊಳದುದ್ದದ ಲೆನ್ಸಿನೊಡನೆ, ತಂದೆಗೆ ಬಿಟ್ಟುಹೋದನು. ನಿವೃತ್ತರಿಗೆ ಜಪಮಾಲೆ ಕೊಡುವ ಕಾಲ ಹೋಗಿ ಕ್ಯಾಮರಾ ಕೊಡುವ ಕಾಲ ಬಂದಿದೆಯೆಂದು ಮೇಷ್ಟರ ಪತ್ನಿ ನಕ್ಕರು. ಮೇಷ್ಟರು ಮೊದಲು ದಾಸವಾಳದ ಚಿತ್ರ ತೆಗೆದರು, ಅನಂತರ ಬೆಕ್ಕಿನದು. ಮೂರನೆಯ ದಿನ ಒಣತೆಂಗಿನ ಮೇಲೆ ‘ಕಿಲಕಿಲಕಿಲ’ ಎಂದು ಕುದುರೆ ಕೆನೆದಂತೆ ನಕ್ಕು ಬಂದು ಅಂಟಿಕೊಂಡ ಹಕ್ಕಿಯನ್ನು ಕಂಡ ಮೇಲೆ ದಾಸವಾಳಕ್ಕೂ ಬೆಕ್ಕಿಗೂ ಬಿಡುಗಡೆಯಾಯಿತು.

ಅದು ಹೊಂಬೆನ್ನಿನ ಮರಕುಟಿಗ. ಗೊರವಂಕಕ್ಕಿಂತ ಸ್ವಲ್ಪ ದೊಡ್ಡದು. ಕೊಕ್ಕಿನ ತುದಿಯಿಂದ ಬಾಲದ ತುದಿಗೆ ಸುಮಾರು 28 ಸೆಂಟಿಮೀಟರು. ಬೆನ್ನಿನ ಮೇಲೆ ಹಣ್ಣಾದ ಬಂಗಾರದ ಬಣ್ಣ, ಕತ್ತಿನಲ್ಲಿ ಕಪ್ಪು ಬಿಳಿಯ ಗೆರೆ, ತಲೆಯ ಮೇಲೆ ಕೆಂಪು ಜುಟ್ಟು. ಗಂಡಿಗೆ ನೆತ್ತಿಯೆಲ್ಲ ಕೆಂಪು. ಹೆಣ್ಣಿಗೆ ಮುಂದಲೆ ಕಪ್ಪು, ಅದರ ಮೇಲೆ ಅಕ್ಷತೆ ಚೆಲ್ಲಿದಂತೆ ಬಿಳಿಯ ಚುಕ್ಕೆ, ಜುಟ್ಟು ಮಾತ್ರ ಕೆಂಪು. ಇದೇ ಸೀಮೆಯ ಒಣಕಾಡಿನಲ್ಲಿ ಹಳದಿ ನೆತ್ತಿಯ ಸಣ್ಣ ಮರಕುಟಿಗವೂ ಉಂಟು. ಅದು ಅಷ್ಟು ಗದ್ದಲದ ಹಕ್ಕಿಯಲ್ಲ. ನೆರೆಮನೆಯ ರೆಡ್ಡಿಯವರು ತಮ್ಮ ಮನೆಮಾತಾದ ತೆಲುಗಿನಲ್ಲಿ ಇದನ್ನು ‘ವಡ್ರಂಗಿ ಪಿಟ್ಟ’ ಎನ್ನುತ್ತಿದ್ದರು, ಎಂದರೆ ಬಡಗಿ ಹಕ್ಕಿ. ಹಾಲು ತರುವ ತಮಿಳಿನ ಹುಡುಗ ‘ಮರಂಗೊತ್ತಿ’ ಎನ್ನುವನು. ಮೂರು ಭಾಷೆಗಳ ಜನ ಕೂಡಿ ಬಾಳುವ ಈ ಊರಿನಲ್ಲಿ ಮೂವರೂ ಅದರ ಬೆನ್ನಿನ ಚಿನ್ನವನ್ನು ಬಿಟ್ಟು ಕೆಲಸವನ್ನೇ ಹೆಸರಿಗೆ ಹಿಡಿದಿರುವುದು ಸೋಜಿಗವಲ್ಲವೆ? ಹತ್ತಿರದಲ್ಲಿಯೇ ಮೂರು ಕಿಲೋಮೀಟರಿಗೂ ಆಳಕ್ಕೆ ನೆಲ ಕೊರೆದು ಚಿನ್ನ ತೆಗೆದ ಗಣಿಗಳು 2001ರ ಫೆಬ್ರವರಿ 28ರಂದು ಮುಚ್ಚಿದವು. ಈ ಹಕ್ಕಿಯ ಗಣಿಗಾರಿಕೆಗೆ ಮಾತ್ರ ಇನ್ನೂ ನಷ್ಟ ಬಂದಂತಿಲ್ಲ. ಅದು ಅಗೆಯುವುದು ಇರುವೆಗಾಗಿ.

ಚಿತ್ರ ತೆಗೆಯುವುದೆಂದರೆ ಸುಲಭವೆಂದು ಮೇಷ್ಟರು ಎಣಿಸಿದ್ದರು. ಮರಕುಟಿಗಕ್ಕೆ ಒಂದು ಚಾಳಿಯಿದೆ. ಮನುಷ್ಯನನ್ನು ಕಂಡೊಡನೆ ಅದು ಹಾರುವುದಿಲ್ಲ. ಮೆಲ್ಲಗೆ ಕಾಂಡದ ಆ ಬದಿಗೆ ಸರಿಯುತ್ತದೆ. ಮೇಷ್ಟರು ಬಲಕ್ಕೆ ಸುತ್ತಿದರೆ ಹಕ್ಕಿ ಎಡಕ್ಕೆ. ಒಂದು ವಾರ ಹೀಗೆ ಪ್ರದಕ್ಷಿಣೆ ನಡೆಯಿತು. ‘ಅಶ್ವತ್ಥಕ್ಕೆ ಇಷ್ಟು ಸುತ್ತು ಹಾಕಿದ್ದರೆ ನಿಮ್ಮ ಮಂಡಿನೋವಾದರೂ ಹೋಗುತ್ತಿತ್ತಲ್ಲರೀ’ ಎಂದು ಅಡಿಗೆಮನೆಯಿಂದ ಮಾತು ಬಂತು. ಸಿಕ್ಕ ಚಿತ್ರಗಳಲ್ಲಿ ಅರ್ಧ ತಲೆ, ಒಂದು ಬಾಲ, ಹೆಚ್ಚಿನವುಗಳಲ್ಲಿ ತೆಂಗಿನ ಕಂಬ ಮಾತ್ರ.

ಹಕ್ಕಿಯನ್ನು ಹಿಂಬಾಲಿಸಿ ಚಿತ್ರ ತೆಗೆಯಲಾಗದು, ಹಕ್ಕಿ ಬರುವೆಡೆಯಲ್ಲಿ ಮರೆಯಾಗಿ ಕಾಯಬೇಕೆಂಬುದು ಈ ವಿದ್ಯೆಯ ಹಳೆಯ ಪಾಠ. 1949ರಲ್ಲಿ ಭಾರತದ ಹಕ್ಕಿಗಳ ಛಾಯಾಗ್ರಹಣವನ್ನು ಕುರಿತು ಪುಸ್ತಕ ಪ್ರಕಟಿಸಿದ ಲೋಥರ್ ಎಂಬ ಆಂಗ್ಲರು ಗೂಡಿನ ಸಮೀಪ ಮರೆ ಕಟ್ಟಿಕೊಂಡು ಕುಳಿತವರು. ಬೆಂಗಳೂರಿನಲ್ಲಿ ನೆಲೆಸಿದ್ದ ಟಿ. ಎನ್. ಎ. ಪೆರುಮಾಳ್ (1932–2017), ಮೂಡಿಗೆರೆಯ ತೋಟದ ಪೂರ್ಣಚಂದ್ರ ತೇಜಸ್ವಿ (1938–2007) ಮೊದಲಾದವರು ಹಕ್ಕಿಗಳ ಬೆನ್ನು ಹತ್ತಿದ ಕಾಲದಲ್ಲಿ ರೀಲು ತೊಳೆದ ಮೇಲೆಯೇ ಫಲ ತಿಳಿಯುತ್ತಿದ್ದುದು. ಮೇಷ್ಟರ ಕ್ಯಾಮರಾ ತಪ್ಪನ್ನು ಆ ಕ್ಷಣವೇ ತೋರಿಸುತ್ತಿತ್ತು. ಇದೊಂದು ಅನುಕೂಲವೋ ಅವಮಾನವೋ ಹೇಳುವುದು ಕಷ್ಟ. ಅವರು ಬಚ್ಚಲುಮನೆಯ ಕಿಟಕಿಗೆ ಪತ್ನಿಯ ಹಳೆಯ ಸೀರೆ ಕಟ್ಟಿ, ಅದರಲ್ಲಿ ಲೆನ್ಸು ತೂರುವಷ್ಟು ತೂತು ಮಾಡಿ, ಹಂಡೆಯ ಪಕ್ಕದಲ್ಲಿ ಮಣೆ ಹಾಕಿ ಕುಳಿತರು. ಮನೆಯವರ ಸ್ನಾನದ ವೇಳೆ ಬದಲಾಯಿತು. ನಾಲ್ಕನೆಯ ದಿನ ಹಕ್ಕಿ ಈಚೆಯ ಬದಿಯಲ್ಲಿಯೇ ಕೆಲಸಕ್ಕೆ ತೊಡಗಿತು.

ಆ ಕೆಲಸ ನೋಡತಕ್ಕದ್ದು. ಎರಡು ಬೆರಳು ಮುಂದಕ್ಕೆ, ಎರಡು ಹಿಂದಕ್ಕೆ ಊರಿ, ಬಿರುಸಾದ ಬಾಲವನ್ನು ಮೂರನೆಯ ಕಾಲಿನಂತೆ ಕಾಂಡಕ್ಕೆ ಒತ್ತಿ, ಮೈಯನ್ನು ಹಿಂದಕ್ಕೆ ಬಾಗಿಸಿ ಅದು ಬಡಿಯುತ್ತದೆ. ಸೆಕೆಂಡಿನ 1000ದ ಒಂದು ಪಾಲಿನಲ್ಲಿ ತೆಗೆದ ಚಿತ್ರದಲ್ಲಿಯೂ ಕೊಕ್ಕು ಮಸಕಾಗಿಯೇ ಬಂತು. ಇಷ್ಟು ಬಡಿದರೂ ತಲೆ ಸಿಡಿಯದಿರಲು ಅದರ ಬುರುಡೆಯಲ್ಲಿ ಮೆತ್ತೆಯಂಥ ರಚನೆಯಿದೆಯೆಂದು ಬಹುಕಾಲ ಪಠ್ಯಗಳಲ್ಲಿ ಬರೆದರು. ಬೆಲ್ಜಿಯಮ್ಮಿನ ಆಂಟ್‌ವರ್ಪಿನ ಸಂಶೋಧಕರು ಅತಿವೇಗದ ಕ್ಯಾಮರಾಗಳಿಂದ ಪರೀಕ್ಷಿಸಿ 2022ರಲ್ಲಿ ಬೇರೊಂದು ಮಾತು ಹೇಳಿದರು: ಮೆತ್ತೆಯಿಲ್ಲ, ತಲೆಯೇ ಒಂದು ಗಟ್ಟಿ ಸುತ್ತಿಗೆ, ಮಿದುಳು ಅತಿ ಚಿಕ್ಕದಾದುದರಿಂದ ಅದಕ್ಕೆ ಪೆಟ್ಟು ತಾಗದು. ಗಣಿತದ ಮೇಷ್ಟರಿಗೆ ಇದು ಬಲು ಹಿಡಿಸಿತು. ಮೆತ್ತೆ ಇಟ್ಟ ಸುತ್ತಿಗೆಯಿಂದ ಯಾವ ಬಡಗಿ ಮೊಳೆ ಹೊಡೆದಾನು?

ಮಾರ್ಚಿಯ ನಡುವಿನಲ್ಲಿ ಗಂಡು ಹೆಣ್ಣು ಎರಡೂ ಸರದಿಯಿಂದ ಒಂದೇ ಎಡೆಯಲ್ಲಿ ಕೊರೆಯತೊಡಗಿದವು. ತೆಂಗಿನ ಬುಡದಲ್ಲಿ ಹೊಟ್ಟು ಬಿತ್ತು. ಮುಷ್ಟಿ ತೂರುವಷ್ಟು ಪೊಟರೆಯಾಯಿತು. ಹಸಿಮರದಲ್ಲಿ ಇಷ್ಟು ಸಲೀಸಲ್ಲ. ಕೊಳೆತು ಮೆತ್ತಗಾದ ಒಡಲು, ಗಟ್ಟಿಯಾದ ಹೊರಗವಚ, ಎರಡೂ ಕೂಡಿದ ಮರ ಬೇಕು. ಮೇಷ್ಟರು ಕಣ್ಣೆತ್ತಿ ಸುತ್ತ ನೋಡಿದಾಗ ಅಂಥ ಮರ ಬೇರೊಂದಿರಲಿಲ್ಲ. ಕೋಲಾರ ಸೀಮೆಯ ಬಯಲುಗಳಲ್ಲಿ 1980ರ ದಶಕದಿಂದ ಸಾಲುಸಾಲಾಗಿ ಎದ್ದ ನೀಲಗಿರಿ ತೋಪುಗಳ ಮರ ಮುದಿಯಾಗುವ ಮೊದಲೇ ಕಟಾವಾಗುತ್ತದೆ; ಪೊಳ್ಳುಬೀಳುವ ಭಾಗ್ಯ ಅದಕ್ಕಿಲ್ಲ. ಹೊಸದಾಗಿ ನೀಲಗಿರಿ ನೆಡುವುದನ್ನು ಸರ್ಕಾರ 2017ರಲ್ಲಿ ನಿಷೇಧಿಸಿತು. ಆದರೆ ಕೆರೆ ಏರಿಯ ಹಳೆಯ ಹುಣಿಸೆ, ಹೊಲದ ಬದುವಿನ ಬೇವು ಒಮ್ಮೆ ಹೋದರೆ ಸರ್ಕಾರಿ ಆಜ್ಞೆಯಿಂದ ಹಿಂತಿರುಗುವವೆ?

ಏಪ್ರಿಲ್ ಮೊದಲ ವಾರದಲ್ಲಿ ಹಕ್ಕಿಗಳ ಹೋಗಿಬರುವಿಕೆ ಬದಲಾಯಿತು. ಒಂದು ಒಳಗಿದ್ದರೆ ಇನ್ನೊಂದು ಬಂದ ಮೇಲೆಯೇ ಹೊರಗೆ. ಮೊಟ್ಟೆಯಾಗಿದೆಯೆಂದು ಮೇಷ್ಟರು ಊಹಿಸಿದರು. ಅದೇ ವಾರ ರೆಡ್ಡಿಯವರ ಮಗಳು ಚೊಚ್ಚಲ ಬಾಣಂತಿಯಾಗಿ ಹದಿನೈದು ದಿನದ ಕೂಸಿನೊಡನೆ ಆಸ್ಪತ್ರೆಯ ಊರಿನಿಂದ ತೌರಿಗೆ ಬಂದಳು. ಅವಳಿಗೆಂದು ಅಣಿಗೊಳಿಸಿದ ಕೋಣೆ ತಗಡಿನ ಶೀಟಿನದು. ತೆಂಗು ಬಾಗಿದ್ದು ಸರಿಯಾಗಿ ಅದರ ಮೇಲೆಯೇ.

ರೆಡ್ಡಿಯವರು ಸಂಜೆ ಬಂದು ಜಗಲಿಯಲ್ಲಿ ಕುಳಿತರು. ಮಜ್ಜಿಗೆ ಕುಡಿದರು. ‘ಮೇಷ್ಟ್ರೇ, ಬೇಜಾರು ಮಾಡ್ಕೋಬೇಡಿ. ನಾಳೆ ಮರ ಕಡಿಯೋರು ಬರ್ತಾರೆ. ಕೂಲಿ ನಾನೇ ಕೊಡ್ತೀನಿ’ ಎಂದರು.

ಮೇಷ್ಟರು ಹಕ್ಕಿಯ ವಿಷಯ ಹೇಳಿದರು. ಗೂಡು ಕೆಡಿಸುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಗೆ ವಿರುದ್ಧವೆಂದೂ ಹೇಳಿದರು.

‘ಗಾಳಿ ಬಂದು ಮರ ಬಿದ್ರೆ ಕಾಯಿದೆ ಬಂದು ಅಡ್ಡ ನಿಲ್ತದಾ ಸಾರ್? ಕೆಳಗಡೆ ತೊಟ್ಟಿಲದೆ.’

ಇದಕ್ಕೆ ಉತ್ತರವಿರಲಿಲ್ಲ. ಹೊಂಬೆನ್ನಿನ ಮರಕುಟಿಗದ ಮೊಟ್ಟೆಗೆ ಕಾವು ಸುಮಾರು 11 ದಿನ, ಮರಿ ಹಾರಲು 20 ದಿನ. ಒಟ್ಟು ಒಂದು ತಿಂಗಳು. ಆ ತಿಂಗಳಾದರೋ ಏಪ್ರಿಲ್. ಗುಡುಗು ಗಾಳಿಯೊಡನೆ ಆಲಿಕಲ್ಲು ಬೀಳುವುದೇ ಆಗ. ಒಂದು ಕಡೆ ಯಾರದೋ ಎಳೆಯ ಕೂಸು, ಇನ್ನೊಂದು ಕಡೆ ಕಣ್ಣಿಗೆ ಕಾಣದ ಎರಡೋ ಮೂರೋ ಮೊಟ್ಟೆ. ತೂಗಿ ನೋಡುವ ಪ್ರಶ್ನೆಯೇ ಅಲ್ಲ. ಆದರೂ ಮೇಷ್ಟರಿಗೆ ‘ಆಗಲಿ’ ಎನ್ನಲು ನಾಲಗೆ ಏಳಲಿಲ್ಲ. ಹಕ್ಕಿಯ ಪ್ರೇಮ ಎಷ್ಟು, ಇನ್ನೂ ತೆಗೆಯದ ಚಿತ್ರದ ಆಸೆ ಎಷ್ಟು ಎಂಬ ಲೆಕ್ಕವನ್ನು ಅವರು ಆ ರಾತ್ರಿ ಬಿಡಿಸಲಾರದೆ ಹೋದರೆಂದು ತೋರುತ್ತದೆ.

ಬಿಡಿಸಿದವರು ಅವರ ಪತ್ನಿ. ಆ ಒಣಮರವನ್ನು ಕಡಿಸಿರೆಂದು ಮೂರು ವರ್ಷದಿಂದ ಹೇಳುತ್ತಿದ್ದವರು ಅವರೇ. ಬೆಳಿಗ್ಗೆ ನೆರೆಮನೆಗೆ ತಾವೇ ಹೋಗಿ, ‘ಮಗೂನ ಕರ್ಕೊಂಡು ನಮ್ಮ ನಡುಮನೇಲಿ ಮಲಕ್ಕೋಮ್ಮ. ಒಂದು ತಿಂಗಳು ತಾನೆ? ಎಲ್ಲಾ ಬಾಣಂತಿಯರೂ ಒಂದೇ’ ಎಂದರು. ರೆಡ್ಡಿಯವರ ಹೆಂಡತಿ ಇದನ್ನು ಮೂರು ಮನೆಗೆ ಹೇಳಿಕೊಂಡು ನಕ್ಕರು, ಆದರೆ ತೊಟ್ಟಿಲು ಬಂತು. ಹಗಲು ತೌರುಮನೆಯ ಅಡಿಗೆ, ರಾತ್ರಿ ಮೇಷ್ಟರ ನಡುಮನೆ. ರೆಡ್ಡಿಯವರೂ ಸುಮ್ಮನೆ ಕೂಡಲಿಲ್ಲ. ಮರ ಹತ್ತುವವನನ್ನು ಕರೆಸಿ, ಪೊಟರೆಗೆ ಕೈಯಿಡದಂತೆ ತಾಕೀತು ಮಾಡಿ, ಅದಕ್ಕಿಂತ ಕೆಳಗೆ ಬಾವಿಯ ದಪ್ಪ ಹಗ್ಗವನ್ನು ಬಿಗಿಸಿ ಹಲಸಿನ ಬೊಡ್ಡೆಗೆ ಕಟ್ಟಿಸಿದರು. ಹಕ್ಕಿಗಳು ಅರ್ಧ ಗಂಟೆ ಹೊಂಗೆಯಲ್ಲಿ ಕುಳಿತು ಬೈದು, ಹಿಂತಿರುಗಿದವು.

ಅಂದಿನಿಂದ ಬಚ್ಚಲುಮನೆಯಲ್ಲಿ ಸ್ಪರ್ಧೆ. ಕೂಸಿಗೆ ಎಣ್ಣೆ ನೀರಾಗುವ ತನಕ ಮೇಷ್ಟರಿಗೆ ಪ್ರವೇಶವಿಲ್ಲ. ಬೆಳಕು ಚೆನ್ನಾಗಿರುವ ಎಂಟು ಗಂಟೆಯ ಹೊತ್ತೆಲ್ಲ ಹೀಗೆಯೇ ಹೋಯಿತು. ಮರಿಯೊಡೆದ ಮೇಲೆ ತಾಯಿ ಕೊಕ್ಕಿನಲ್ಲಿ ಹುಳು ಕಚ್ಚಿ ತರುವ ಚಿತ್ರವೊಂದು ಬೇಕೆಂದು ಅವರ ಹಂಬಲ. ಹಕ್ಕಿ ಪ್ರತಿ ಸಲವೂ ಬರಿಯ ಕೊಕ್ಕಿನಲ್ಲಿ ಬಂತು. ಮರಿಗಳು ಉಪವಾಸವಿವೆಯೋ ಎಂದು ಎರಡು ದಿನ ಕಳವಳಪಟ್ಟರು. ಇರುವೆಗಳನ್ನು ನುಂಗಿಕೊಂಡು ಬಂದು ಮರಿಯ ಬಾಯಿಗೆ ಕಕ್ಕಿ ಉಣಿಸುವುದು ಈ ಜಾತಿಯ ಪದ್ಧತಿಯೆಂದು ಆಮೇಲೆ ಓದಿ ತಿಳಿದು ಸಮಾಧಾನವಾಯಿತು.

ಏಪ್ರಿಲ್ ಕೊನೆಯ ವಾರದ ಒಂದು ರಾತ್ರಿ ಗಾಳಿ ಎದ್ದಿತು. ದೀಪ ಹೋಯಿತು. ನುಗ್ಗೆಯ ಕೊಂಬೆ ಮುರಿದ ಸದ್ದು, ತಗಡಿನ ಶೀಟುಗಳ ಬಡಿತ, ಹಂಚಿನ ಮೇಲೆ ಆಲಿಕಲ್ಲು. ನಡುಮನೆಯಲ್ಲಿ ಎರಡು ಸಂಸಾರಗಳೂ ಎದ್ದು ಕುಳಿತಿದ್ದವು. ಕೂಸು ಮಾತ್ರ ನಿದ್ರಿಸುತ್ತಿತ್ತು. ಹಿತ್ತಿಲಿನಿಂದ ಹಗ್ಗ ಬಿಗಿದು ಕಿರುಗುಟ್ಟುವುದು ಕೇಳಿಸಿದಾಗ ರೆಡ್ಡಿಯವರು, ‘ಇನ್ನೊಂದು ಹಗ್ಗ ಕಟ್ಟಬೇಕಾಗಿತ್ತು ಮೇಷ್ಟ್ರೇ’ ಎಂದರು. ಆ ಮಾತು ಕೇಳಿದ ಮೇಲೆ ಮೇಷ್ಟರು ಅವರಿಗೆ ಕಾಯಿದೆಯನ್ನು ಎಂದೂ ನೆನಪಿಸಲಿಲ್ಲ.

ಬೆಳಗಾದಾಗ ತೆಂಗು ಇನ್ನೊಂದು ಗೇಣು ಬಾಗಿತ್ತು, ಬಿದ್ದಿರಲಿಲ್ಲ. ಪೊಟರೆಯ ಬಾಯಲ್ಲಿ ತಲೆ ಕಾಣಲಿಲ್ಲ. ಏಳು ಗಂಟೆಯವರೆಗೂ ಇಲ್ಲ. ಬಾಣಂತಿ ಕೂಸನ್ನು ಎತ್ತಿಕೊಂಡು ಒಗೆಯುವ ಕಲ್ಲಿನ ಬಳಿ ನಿಂತಿದ್ದಳು. ಗಂಡುಹಕ್ಕಿ ನೆನೆದು ಮುದ್ದೆಯಾದ ಜುಟ್ಟಿನೊಡನೆ ಬಂದು ಕಾಂಡಕ್ಕೆ ಅಂಟಿ, ಒಳಕ್ಕೆ ತಲೆ ಹಾಕಿದಾಗ ಒಳಗಿನಿಂದ ಹಿಟ್ಟಿನ ಗಿರಣಿ ದೂರದಲ್ಲಿ ತಿರುಗಿದಂತೆ ಒಂದು ಸದ್ದು ಹೊರಟಿತು. ಮೇಷ್ಟರ ಕೈಯಲ್ಲಿ ಆಗ ಕ್ಯಾಮರಾ ಇರಲಿಲ್ಲ.

ಮೇ ತಿಂಗಳ ಮೊದಲಲ್ಲಿ ಎರಡು ಮರಿಗಳು ಒಂದು ದಿನದ ಅಂತರದಲ್ಲಿ ಹಾರಿದವು. ಎರಡನೆಯದು ಹಾರುವ ಮುನ್ನ ಕುತ್ತಿಗೆಯವರೆಗೆ ಹೊರಗೆ ಚಾಚಿ ಲೋಕವನ್ನು ಸಂದೇಹದಿಂದ ನೋಡಿದ ಚಿತ್ರವೊಂದು ಮೇಷ್ಟರ ನಡುಮನೆಯ ಗೋಡೆಯಲ್ಲಿದೆ. ಬೆಂಗಳೂರಿನ ಮಗ ಅದನ್ನು ನೋಡಿ ಬೆಳಕು ಸಾಲದೆಂದನು. ಅದರ ಒಂದು ಪ್ರತಿ ರೆಡ್ಡಿಯವರ ಮನೆಯಲ್ಲಿಯೂ ಇದೆ. ಅಲ್ಲಿ ಯಾರೂ ಹಾಗೆನ್ನಲಿಲ್ಲ.

ಒಂದು ವಾರ ಬಿಟ್ಟು ಮರ ಇಳಿಸಿದರು. ಬುಡದ ಆಳೆತ್ತರದ ಮೋಟನ್ನು ಹಾಗೆಯೇ ನಿಲ್ಲಿಸಿ, ಪೊಟರೆಯಿದ್ದ ಮೇಲಿನ ತುಂಡನ್ನು ಹಗ್ಗದಲ್ಲಿ ಮೆಲ್ಲಗೆ ಇಳಿಬಿಟ್ಟು ಹಲಸಿನ ಕವಲಿಗೆ ತಂತಿಯಿಂದ ಬಿಗಿದರು. ಮರಕುಟಿಗಗಳು ಬಂದು ಪರೀಕ್ಷಿಸಿದವು. ಪ್ರತಿ ಸಲವೂ ಹೊಸ ಮನೆಯನ್ನೇ ಕೊರೆಯಬಯಸುವ ಹಕ್ಕಿಗಳಾದುದರಿಂದ ಅದರಲ್ಲಿ ನೆಲಸಲಿಲ್ಲ. ಮುಂದಿನ ವರ್ಷ ಒಂದು ಜೋಡಿ ಗೊರವಂಕ ಬಾಡಿಗೆಯಿಲ್ಲದೆ ಬಂದು ಸಂಸಾರ ಹೂಡಿತು. ಮೋಟಿನಲ್ಲಿ ಇರುವೆ ಹತ್ತಿದೆ. ಹೊಂಬೆನ್ನು ಬೆಳಗಿನ ಫಲಾಹಾರಕ್ಕೆ ಅಲ್ಲಿಗೆ ಇಳಿಯುತ್ತದೆ.

ಕೂಸಿಗೆ ಈಗ ಮಾತು ಬಂದಿದೆ. ರಜೆಗೆ ಅಜ್ಜನ ಮನೆಗೆ ಬಂದಾಗ ಬೇಲಿಯ ಸಂದಿಯಿಂದ ಈಚೆಗೆ ನುಸುಳುತ್ತದೆ. ಮೇಷ್ಟರು ‘ಮರಕುಟಿಗ’ ಎಂದು ಹೇಳಿಕೊಡುತ್ತಾರೆ. ರೆಡ್ಡಿಯವರು ಬೇಲಿಯ ಆಚೆಯಿಂದ ‘ವಡ್ರಂಗಿ ಪಿಟ್ಟ’ ಎಂದು ತಿದ್ದುತ್ತಾರೆ. ಅದು ಇಬ್ಬರನ್ನೂ ನೋಡಿ, ಮೋಟಿನ ಕಡೆಗೆ ಬೆರಳು ಚಾಚಿ, ‘ಟಕಟಕ’ ಎನ್ನುತ್ತದೆ.